ಬಾಟ್ಲಿ ಕೊಟ್ಟಿಗೆಯಲ್ಲಿದ್ದ ಇಪ್ಪತ್ತು ದಿನ

೨೦೦೯ ನವೆಂಬರ್ ೧೪, ಶನಿವಾರ, ನರಸಿಂಹರಾಜಪುರ. ಬೆಳಿಗ್ಗೆ ಆರು ಮುಕ್ಕಾಲಿಗೆ ಬರೆಯಲು ಕೂತೆ.

ಐದು ವರ್ಷ ಕಾಲ ಶನಿವಾರದ ಈ ಹೊತ್ತಿಗೆ ನಾನು ಆಗುಂಬೆ ಘಾಟಿ ಹತ್ತುವ ಬಸ್ಸಿನಲ್ಲಿರುತ್ತಿದ್ದೆ. ತೊಡೆಯ ಮೇಲೆ ಖಾಲಿ ಐಸ್ ಡಬ್ಬಿ, ಚೀಲದಲ್ಲಿ ಹಿಂದಿನ ವಾರದ ರಿಪೋರ್ಟುಗಳು. ಈಗ ಎರಡೂ ಇಲ್ಲ. ಮೂವತ್ತೆರಡನೇ ವಯಸ್ಸಿಗೆ ನಿವೃತ್ತಿ ಅಂದರೆ ಮನೆಯಲ್ಲಿ ನಗುತ್ತಾರೆ. ಆದರೆ ಆ ಕೆಲಸಕ್ಕೆ ನಾನು ಮತ್ತೆ ಹೋಗುವವಳಲ್ಲ. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓದಿ ಧೈರ್ಯ ಬರುತ್ತದೆ ಎಂದು ಹೇಳಲಾರೆ.

೨೦೦೪ರ ಮಾರ್ಚಿನಿಂದ ೨೦೦೯ರ ಏಪ್ರಿಲ್‌ವರೆಗೆ ಘಟ್ಟದ ಕೆಳಗಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದೆ. ಎದೆಯ ಕ್ಯಾನ್ಸರಿನ ಗಡ್ಡೆಯಲ್ಲಿ ಹರ್-ಟು ಎನ್ನುವ ಒಂದು ಜೀನು ಎಷ್ಟು ಪ್ರತಿ ಇದೆ ಎಂದು ಎಣಿಸುವುದು ನನ್ನ ಕೆಲಸ. ಆರೋಗ್ಯವಂತ ಕೋಶದಲ್ಲಿ ಅದು ಎರಡೇ ಪ್ರತಿ ಇರುತ್ತದೆ. ಕೆಲವು ಗಡ್ಡೆಗಳಲ್ಲಿ ಎಂಟು, ಹತ್ತು, ಇಪ್ಪತ್ತಾಗಿರುತ್ತದೆ. ಹಾಗೆ ಹೆಚ್ಚಾದವರಿಗೆ ಮಾತ್ರ ಕೆಲಸ ಮಾಡುವ ಒಂದು ಔಷಧ ಆಗ ಬಂದಿತ್ತು. ನಮ್ಮ ಜೊತೆಗಿದ್ದ ಆಸ್ಪತ್ರೆಯ ಒಂದು ಯೋಜನೆಯಲ್ಲಿ, ಜೀನು ಹೆಚ್ಚಿದೆ ಎಂಬ ರಿಪೋರ್ಟು ತಂದವರಿಗೆ ಅದನ್ನು ಉಚಿತವಾಗಿ ಕೊಡುತ್ತಿದ್ದರು. ಆ ರಿಪೋರ್ಟಿನಲ್ಲಿ ಇರುತ್ತಿದ್ದದ್ದು ಒಂದೇ ಒಂದು ಅಂಕಿ. ಅದನ್ನು ಬರೆಯುತ್ತಿದ್ದವಳು ನಾನು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಮನೆ ಎನ್.ಆರ್. ಪುರ, ಹೇಗೂ ವಾರಕ್ಕೊಮ್ಮೆ ಊರಿಗೆ ಹೋಗುತ್ತಾಳೆ ಎನ್ನುವುದು ಕಾರಣ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶೃಂಗೇರಿ ಬಸ್‌ಸ್ಟ್ಯಾಂಡು, ಹನ್ನೊಂದಕ್ಕೆ ಕೊಪ್ಪದ ನರ್ಸಿಂಗ್ ಹೋಮು, ಸಂಜೆ ನಮ್ಮ ಮನೆ ಬಾಗಿಲು. ಗಡ್ಡೆಯ ಬಾಟ್ಲಿಗಳನ್ನು ತೆಗೆದುಕೊಳ್ಳುವುದು, ರಿಪೋರ್ಟು ಕೊಡುವುದು, ಅರ್ಥವಾಗದಿದ್ದರೆ ಬಿಡಿಸಿ ಹೇಳುವುದು. ನನ್ನ ಡೈರಿಯ ಲೆಕ್ಕದಂತೆ ಐದು ವರ್ಷಕ್ಕೆ ಬಂದದ್ದು ಅರವತ್ತೊಂದು ಬಾಟ್ಲಿ: ಕೊಪ್ಪದಿಂದ ಇಪ್ಪತ್ತಾರು, ಎನ್.ಆರ್. ಪುರದಿಂದ ಇಪ್ಪತ್ತೊಂದು, ಶೃಂಗೇರಿಯಿಂದ ಹದಿನಾಲ್ಕು.

ಬಾಟ್ಲಿಯನ್ನು ರೋಗಿಯ ಮನೆಯವರ ಕೈಗೇ ಕೊಡುವುದು ಇಲ್ಲಿನ ರೂಢಿ. ಆಪರೇಷನ್ ಮುಗಿದ ಕೂಡಲೇ ನರ್ಸಿಂಗ್ ಹೋಮಿನ ಫಿಲೋಮಿನಾ ಸಿಸ್ಟರ್ ಗಡ್ಡೆಯನ್ನು ಫಾರ್ಮಲಿನ್ ದ್ರವದಲ್ಲಿ ಮುಳುಗಿಸಿ, ಮುಚ್ಚಳಕ್ಕೆ ಪ್ಲಾಸ್ಟರ್ ಸುತ್ತಿ, ಹೊರಗೆ ಕೂತವರ ಕೈಗೆ ಕೊಟ್ಟು ಬಿಡುತ್ತಿದ್ದರು. "ಇಲ್ಲಿ ಇಟ್ಟುಕೊಂಡ್ರೆ ಯಾರದ್ದು ಯಾರದ್ದೋ ಆಗ್ತದೆ ಮಾರಾಯ್ತಿ. ಒಂದ್ಸಲ ಆಗಿದೆ. ಅವರದ್ದು ಅವರ ಹತ್ರ ಇರ್ಲಿ, ಜೋಪಾನ ಮಾಡ್ತಾರೆ" ಎನ್ನುತ್ತಿದ್ದರು. ಜೋಪಾನ ಮಾಡುತ್ತಿದ್ದದ್ದು ನಿಜ. ಭಂಡಿಗಡಿಯ ಒಬ್ಬ ಅಜ್ಜ, ನರ್ಸಿಂಗ್ ಹೋಮಿನ ಬಾಟ್ಲಿ ಸೋರುತ್ತದೆ ಎಂದು ಹೆಂಡತಿಯ ಗಡ್ಡೆಯನ್ನು ಜೇನಿನ ಬಾಟ್ಲಿಗೆ ಬದಲಾಯಿಸಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದರು. "ತೊಳೆದೇ ಹಾಕಿದ್ದು, ಇರುವೆ ಬರೂದಿಲ್ಲ" ಎಂದು ನನಗೆ ಭರವಸೆ ಬೇರೆ ಕೊಟ್ಟರು.

ಎಣಿಸುವ ಬಗೆಯನ್ನು ಸ್ವಲ್ಪ ಹೇಳಬೇಕು. ಪಿಸಿಆರ್ ಯಂತ್ರ ಪ್ರತಿ ಸುತ್ತಿಗೂ ಡಿಎನ್‌ಎಯನ್ನು ಇಮ್ಮಡಿ ಮಾಡುತ್ತ ಹೋಗುತ್ತದೆ. ಹೆಚ್ಚು ಪ್ರತಿ ಇರುವ ಜೀನು ಕಡಿಮೆ ಸುತ್ತಿನಲ್ಲೇ ಯಂತ್ರದ ಕಣ್ಣಿಗೆ ಬೀಳುವಷ್ಟಾಗಿ ಗೆರೆ ದಾಟುತ್ತದೆ. ಒಂದು ಸುತ್ತು ಮುಂಚೆ ದಾಟಿದರೆ ಎರಡು ಪಟ್ಟು ಇದೆ ಎಂದು, ಎರಡು ಸುತ್ತು ಮುಂಚೆ ದಾಟಿದರೆ ನಾಲ್ಕು ಪಟ್ಟು. ಗಡ್ಡೆಯಲ್ಲಿ ಹರ್-ಟು ಜೀನನ್ನೂ, ಸಾಮಾನ್ಯವಾಗಿ ಹೆಚ್ಚುಕಡಿಮೆಯಾಗದ ಇನ್ನೊಂದು ಜೀನನ್ನೂ ಓಡಿಸಿ ಅಂತರ ನೋಡುವುದು, ಅದೇ ಅಂತರವನ್ನು ಆರೋಗ್ಯವಂತರ ಡಿಎನ್‌ಎಯಲ್ಲಿ ನೋಡುವುದು, ಎರಡನ್ನೂ ಹೋಲಿಸುವುದು. ಆರೋಗ್ಯವಂತರದ್ದು ಒಂದು ಎಂದು ಇಟ್ಟುಕೊಂಡರೆ ಗಡ್ಡೆಯದ್ದು ಎಷ್ಟು? ಎರಡು ಅಥವಾ ಹೆಚ್ಚಾದರೆ ಔಷಧ. ಎರಡಕ್ಕಿಂತ ಕಡಿಮೆಯಾದರೆ ಇಲ್ಲ.

ಆ ಆರೋಗ್ಯವಂತರ ಡಿಎನ್‌ಎ ನನ್ನದು. ಸೇರಿದ ಎರಡನೇ ವಾರ, ೨೦೦೪ ಮಾರ್ಚ್ ೧೮ರಂದು, ನಮ್ಮ ಮುಖ್ಯಸ್ಥೆ ವಾಸಂತಿ ಮೇಡಂ "ಹೋಲಿಕೆಗೆ ಒಬ್ಬರ ರಕ್ತ ಬೇಕು, ಯಾರು ಕೊಡ್ತೀರಿ?" ಎಂದಾಗ ನಾನೇ ತೋಳು ಚಾಚಿದೆ. ಐದು ವರ್ಷ ಈ ಸೀಮೆಯ ಹೆಂಗಸರ ಗಡ್ಡೆಗಳನ್ನೆಲ್ಲ ನನ್ನ ಜೊತೆ ಇಟ್ಟು ತೂಗಿದೆವು. ಆಗ ಅದು ಹೆಮ್ಮೆಯ ವಿಷಯವಾಗಿತ್ತು. ಡೈರಿಯಲ್ಲಿ "ಇವತ್ತಿನಿಂದ ನಾನೇ ಒಂದು" ಎಂದು ಬರೆದುಕೊಂಡಿದ್ದೇನೆ.

ಮೇಡಂ ಘಟ್ಟದ ಕೆಳಗಿನವರು. ಕೆಲಸದಲ್ಲಿ ಬಹಳ ಬಿಗಿ. ನನ್ನ ಮೊದಲ ದೊಡ್ಡ ತಪ್ಪನ್ನು ಹಿಡಿದವರು ಅವರೇ. ೨೦೦೫ರಲ್ಲಿ ಎನ್.ಆರ್. ಪುರದ ಒಬ್ಬರ ಗಡ್ಡೆಗೆ ೧.೪ ಎಂದು ಬರೆದು ಸಹಿಗೆ ಇಟ್ಟಿದ್ದೆ. ಮೇಡಂ ಸ್ಲೈಡು ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ನಿನ್ನ ಊರಲ್ಲಿ ಹಾಲಿನ ಡೈರಿ ಉಂಟಾ?"

"ಉಂಟು ಮೇಡಂ."

"ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಹೊಯ್ದು ತಂದ್ರೆ ದನ ಸರಿ ಇಲ್ಲ ಅಂತ ಹೇಳ್ತಾರಾ? ಇದ್ರಲ್ಲಿ ಮುಕ್ಕಾಲು ಪಾಲು ಬರೀ ಕೊಬ್ಬು. ಗಡ್ಡೆ ಇರೂದು ಕಾಲು ಪಾಲು. ನೀನು ಎಂತದ್ದನ್ನು ಎಣಿಸಿದ್ದು?"

ಗಡ್ಡೆಯ ಭಾಗವನ್ನಷ್ಟೇ ಕೆರೆದು ಮತ್ತೆ ಮಾಡಿದಾಗ ೩.೧ ಬಂತು. ಆ ಹೆಂಗಸಿಗೆ ಔಷಧ ಸಿಕ್ಕಿತು. ಈಗಲೂ ನಮ್ಮ ಬೀದಿಯಲ್ಲೇ ನಡೆದು ಹೋಗುತ್ತಾರೆ, ನನ್ನನ್ನು ಕಂಡರೆ ಕೈ ಎತ್ತುತ್ತಾರೆ. ಅಂದಿನಿಂದ ನಾನು ಪ್ರತಿ ಗಡ್ಡೆಯಲ್ಲಿ ಎಷ್ಟು ಪಾಲು ಗಡ್ಡೆ ಎಂದು ಬರೆದಿಡುತ್ತಿದ್ದೆ. ಯಂತ್ರದ ಉಷ್ಣತೆ, ಯಾವ ಪೆಟ್ಟಿಗೆಯ ರಾಸಾಯನಿಕ, ಬಾಟ್ಲಿ ಪ್ರಯೋಗಾಲಯಕ್ಕೆ ಬಂದ ದಿನ, ಗಂಟೆ ಎಲ್ಲ ಬರೆದಿಡುತ್ತಿದ್ದೆ. "ಇವಳು ಸತ್ತರೆ ಚಿತ್ರಗುಪ್ತನಿಗೆ ಅಸಿಸ್ಟೆಂಟ್" ಎಂದು ಮೇಡಂ ಎಲ್ಲರೆದುರು ಹೇಳಿದ್ದರು.

೨೦೦೭ರ ಹೊತ್ತಿಗೆ ನನ್ನ ಲೆಕ್ಕದಲ್ಲಿ ಒಂದು ವಿಚಿತ್ರ ಕಾಣತೊಡಗಿತ್ತು. ಕೊಪ್ಪದ, ಎನ್.ಆರ್. ಪುರದ ಬಾಟ್ಲಿಗಳಲ್ಲಿ ಐದಾರಕ್ಕೊಂದರಲ್ಲಿ ಜೀನು ಹೆಚ್ಚು ಬರುತ್ತಿತ್ತು. ಶೃಂಗೇರಿಯದರಲ್ಲಿ ಒಂದೂ ಇಲ್ಲ. ಮೇಡಂಗೆ ತೋರಿಸಿದೆ. "ಅವರಿಗೆ ದೇವಿ ಕಾವಲು ಇದ್ದಾಳೆ ಮಾರಾಯ್ತಿ, ನಮಗೆಂತ ಇದೆ" ಎಂದು ನಕ್ಕರು. ನಾನೂ ನಕ್ಕೆ. ಡೈರಿಯಲ್ಲಿ ಆ ಪುಟದಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ, ಅಷ್ಟೇ.

ಗಿರಿಜಕ್ಕನ ಬಾಟ್ಲಿ ನನ್ನ ಕೈಗೆ ಬಂದದ್ದು ೨೦೦೭ ಜುಲೈ ೧೪, ಶನಿವಾರ. ಅವರು ಕೆರೆಕಟ್ಟೆಯ ಅಂಗನವಾಡಿ ಕಾರ್ಯಕರ್ತೆ, ನಲವತ್ತೊಂದು ವರ್ಷ. ಗಂಡ ತಿಮ್ಮಪ್ಪ ಕಾಡಿನ ವಾಚರ್. ಶೃಂಗೇರಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದರು. ಚೀಲ ಕೊಟ್ಟು, "ಅಂತೂ ಬಂದ್ರಲ್ಲ" ಎಂದರು. ಆ 'ಅಂತೂ' ಯಾಕೆ ಎಂದು ನಾನು ಕೇಳಲಿಲ್ಲ. ಕೊಪ್ಪದ ಬಸ್ಸು ಹೊರಡುವುದರಲ್ಲಿತ್ತು.

ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ ಅವರದ್ದು ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಹಾಗಾಗಿ ನನ್ನ ಅಂಕಿಯೇ ಕೊನೆಯದು. ಮೂರು ಸಲ ಓಡಿಸಿದೆ. ಮೂರು ಸಲವೂ ೧.೭.

ಆಗಸ್ಟ್ ೪ರಂದು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ರಿಪೋರ್ಟು ಬಿಡಿಸಿ ಹೇಳಿದೆ. ಗಿರಿಜಕ್ಕ ಎಲ್ಲವನ್ನೂ ಗಮನವಿಟ್ಟು ಕೇಳಿದರು.

"ಮೂರು ಪಾಯಿಂಟಿಗೆ ಫೇಲಾ? ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ಸ್ ಆದ್ರೂ ಕೊಡ್ತಾರೆ" ಎಂದರು.

ತಿಮ್ಮಪ್ಪ ಮುಖ ತಿರುಗಿಸಿಕೊಂಡರು. "ಇವಳಿಗೆ ಎಲ್ಲದ್ರಲ್ಲೂ ತಮಾಷೆ."

"ಮತ್ತೆಂತ ಅಳದಾ, ಬಸ್‌ಸ್ಟ್ಯಾಂಡಲ್ಲಿ?" ಎಂದು ಗಂಡನನ್ನು ಗದರಿ ನನ್ನ ಕಡೆ ತಿರುಗಿದರು. "ಮೇಡಂ, ನಾವು ಮಕ್ಕಳನ್ನ ತೂಗೋಕೆ ಮೊದ್ಲು ತಕ್ಕಡಿ ಸರಿ ಉಂಟಾ ಅಂತ ಕಲ್ಲು ಇಟ್ಟು ನೋಡ್ತೀವಿ. ನಿಮ್ಮದಕ್ಕೆ ಕಲ್ಲು ಎಂತದು?"

"ನನ್ನ ರಕ್ತ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಹಂಗಾರೆ ನಂಗೂ ನಿಮಗೂ ಹೋಲಿಕೆ. ಆಗ್ಲಿ ಬಿಡಿ, ನೀವು ಗಟ್ಟಿ ಇದ್ದೀರಿ."

ಐದು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಕಲ್ಲು ಸರಿ ಇದೆಯಾ ಎಂದು ನಾನು ಆ ದಿನವಾದರೂ ಯೋಚಿಸಬೇಕಿತ್ತು. ಅವರಿಗೆ ಮಾಮೂಲಿ ಕಿಮೋ ಕೊಟ್ಟರು. ಔಷಧದ ಯೋಜನೆಗೆ ಅವರ ಹೆಸರು ಹೋಗಲಿಲ್ಲ.

೨೦೦೮ ನವೆಂಬರ್ ೨೨ರಂದು ತಿಮ್ಮಪ್ಪ ಒಬ್ಬರೇ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಗಿರಿಜಕ್ಕನ ಬೆನ್ನುಮೂಳೆಗೆ ಬಂದಿದೆಯಂತೆ. ಹಳೇ ರಿಪೋರ್ಟಿನ ಇನ್ನೊಂದು ಪ್ರತಿ ಬೇಕಿತ್ತು. ಮನೆಯಲ್ಲಿದ್ದದ್ದು ಕೈಗೆ ಸಿಗುತ್ತಿಲ್ಲ ಎಂದರು. ಆಪರೇಷನ್ ತಾರೀಖು ಹೇಳಿ, ಹುಡುಕುತ್ತೇನೆ ಎಂದೆ.

"ಜೂನ್ ಇಪ್ಪತ್ನಾಕು. ಭಾನುವಾರ."

ನಾನು ಡೈರಿ ತೆಗೆದೆ. "ಬಾಟ್ಲಿ ಬಂದಿದ್ದು ಜುಲೈ ಹದಿನಾಲ್ಕಕ್ಕೆ ಅಲ್ವಾ?"

"ಹೌದಲ್ಲ. ಎರಡು ಶನಿವಾರ ನಾನು ಇದೇ ಕಟ್ಟೆ ಮೇಲೆ ಕೂತು ವಾಪಸ್ ಹೋದೆ. ನೀವು ಬರ್ಲಿಲ್ಲ. ಮೂರನೇ ಸಲ ಸಿಕ್ಕಿದ್ರಿ."

"ಅಷ್ಟು ದಿನ ಎಲ್ಲಿಟ್ಟಿದ್ರಿ?"

"ಕೊಟ್ಟಿಗೆ ಅಟ್ಟದ ಮೇಲೆ. ಮೈಯಿಂದ ಬೇರೆ ಆಗಿದ್ದು, ಒಳಗೆ ತರೋ ಹಂಗಿಲ್ಲ ನಮ್ಮಲ್ಲಿ. ಜೋಪಾನ ಮಾಡಿದ್ದೆ ಮೇಡಂ. ದಿನಾ ಎರಡು ಸಲ ನೋಡ್ತಿದ್ದೆ."

ಆ ಎರಡು ಶನಿವಾರಗಳೂ ಡೈರಿಯಲ್ಲಿವೆ. ಜೂನ್ ೩೦: "ಘಾಟಿಯಲ್ಲಿ ಮರ ಬಿದ್ದು ಬಸ್ ಇಲ್ಲ." ಜುಲೈ ೭: "ಬಾಳೆಹೊನ್ನೂರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ರಜೆ. ಹೋಳಿಗೆ ಚೆನ್ನಾಗಿತ್ತು."

ಫಾರ್ಮಲಿನ್ ಗಡ್ಡೆಯನ್ನು ಕೊಳೆಯದಂತೆ ಕಾಪಾಡುತ್ತದೆ. ಆದರೆ ದಿನ ಹೆಚ್ಚಾದಷ್ಟೂ ಒಳಗಿನ ಡಿಎನ್‌ಎ ಚೂರು ಚೂರಾಗುತ್ತದೆ. ಇದು ಪುಸ್ತಕದಲ್ಲಿದೆ, ಪರೀಕ್ಷೆಗೆ ಓದಿದ್ದೆ. ನಾವು ಎಣಿಸುತ್ತಿದ್ದ ಹರ್-ಟು ಜೀನಿನ ತುಣುಕು ಉದ್ದದ್ದು, ಹೋಲಿಕೆಯ ಜೀನಿನ ತುಣುಕು ಗಿಡ್ಡದ್ದು. ಹಳೇ ಹಗ್ಗ ಕಡಿದು ತುಂಡಾಗಿ ಬಿದ್ದಿದ್ದರೆ ಅದರಲ್ಲಿ ಒಂದು ಮಾರಿನ ತುಂಡು ಬೇಕಾದಷ್ಟು ಸಿಗುತ್ತದೆ, ನಾಲ್ಕು ಮಾರಿನದು ಸಿಗುವುದಿಲ್ಲ. ಹಾಗೆ ಉದ್ದದ ಜೀನು ಇದ್ದೂ ಎಣಿಕೆಗೆ ಸಿಗದೆ ಹೋಗುತ್ತದೆ. ಗಡ್ಡೆಯಂತೆಯೇ ಫಾರ್ಮಲಿನ್ನಿನಲ್ಲಿದ್ದ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿದ್ದರೆ ಎರಡೂ ಕಡೆ ಅಷ್ಟೇ ಹಾಳಾಗಿ ಲೆಕ್ಕ ಸರಿದೂಗುತ್ತಿತ್ತು. ನಾವು ಹೋಲಿಸಿದ್ದು ನನ್ನ ತಾಜಾ ರಕ್ತದ ಜೊತೆ.

ಇನ್ನೂ ಒಂದಿದೆ. ಮಾಮೂಲಾಗಿ ಹೋಲಿಕೆಯ ಜೀನು ಇಪ್ಪತ್ನಾಲ್ಕು, ಇಪ್ಪತ್ತೈದನೇ ಸುತ್ತಿಗೆ ಗೆರೆ ದಾಟುತ್ತಿತ್ತು. ಗಿರಿಜಕ್ಕನದು ದಾಟಿದ್ದು ಮೂವತ್ತೊಂದರಲ್ಲಿ. ಡಿಎನ್‌ಎ ಸವೆದಿದೆ ಎಂದು ಯಂತ್ರ ಅಲ್ಲೇ ಹೇಳಿತ್ತು. ನಾನು ಆ ಅಂಕಿಯನ್ನು ನೀಟಾಗಿ ಬರೆದುಕೊಂಡು, ಲೆಕ್ಕ ಹಾಕಿ, ಉತ್ತರವನ್ನಷ್ಟೇ ನೋಡಿದೆ. ಹೊಸಬರಿಗೆ ಹೇಳುವುದಿದ್ದರೆ ಇದೊಂದೇ: ಉತ್ತರ ಬರೆಯುವ ಮೊದಲು ಎಷ್ಟನೇ ಸುತ್ತು ಎಂದು ನೋಡಿ. ಮೂರು ಸಲ ಓಡಿಸಿ ಮೂರು ಸಲವೂ ಅದೇ ಬಂದರೆ ಅದು ಸರಿ ಎಂದಲ್ಲ. ತಪ್ಪೂ ಅಷ್ಟೇ ಕರಾರುವಾಕ್ಕಾಗಿ ಬರುತ್ತದೆ.

ಅವತ್ತೇ ಮೇಡಂಗೆ ಫೋನು ಮಾಡಬಹುದಿತ್ತು. ಗಡ್ಡೆಯ ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕನ್ನು ದೊಡ್ಡ ಊರಿಗೆ ಕಳಿಸಿ, ಜೀನನ್ನು ಕಣ್ಣಿಗೆ ಕಾಣುವಂತೆ ಮಾಡುವ ಪರೀಕ್ಷೆ ಮಾಡಿಸಬಹುದಿತ್ತು. ನಾನು ಮಾಡಲಿಲ್ಲ. ಖಚಿತವಾಗದೆ ಬಾಯಿ ಬಿಡಬಾರದು ಎನ್ನುವುದು ನನ್ನ ಶಿಸ್ತು. ಫಿಲೋಮಿನಾ ಸಿಸ್ಟರ್ ಹತ್ತಿರ, ಆಪರೇಷನ್ನಿನಲ್ಲಿ ತೆಗೆದ ಒಂದು ಗರ್ಭಕೋಶದ ತುಂಡು ಕೇಳಿ ಪಡೆದೆ. "ಎಂತಕ್ಕೆ ಮಾರಾಯ್ತಿ, ಇದ್ರಲ್ಲಿ ಕಾಯಿಲೆ ಎಂತದೂ ಇಲ್ವಲ್ಲ?" ಎಂದರು. ಕಾಯಿಲೆ ಇಲ್ಲದ್ದೇ ಬೇಕು ಎಂದೆ. ಅದನ್ನು ನಾಲ್ಕು ಮಾಡಿ ಫಾರ್ಮಲಿನ್ನಿನಲ್ಲಿಟ್ಟೆ. ಒಂದು ದಿನಕ್ಕೆ, ಏಳಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತೊಂದಕ್ಕೆ ಒಂದೊಂದನ್ನು ತೆಗೆದೆ. ಜೀನು ಸರಿಯಾಗಿರುವ ಅಂಗಾಂಶ, ನಾಲ್ಕಕ್ಕೂ ಒಂದು ಬರಬೇಕು. ಬಂದದ್ದು ಹೀಗೆ: ೧.೦, ೦.೮, ೦.೬, ೦.೪.

ಆ ಕೊನೆಯ ತುಂಡನ್ನು ಕಲ್ಲಾಗಿ ಇಟ್ಟು ಗಿರಿಜಕ್ಕನ ಗಡ್ಡೆಯನ್ನು ಮತ್ತೆ ತೂಗಿದೆ. ೨೦೦೯ ಜನವರಿ ೮, ಗುರುವಾರ, ಮಧ್ಯಾಹ್ನ ಮೂರೂವರೆ. ೪.೩.

ಕಾಗದ ಹಿಡಿದು ಮೇಡಂ ಕೋಣೆಗೆ ಹೋದೆ. ಅವರು ಎಲ್ಲ ಅಂಕಿಗಳನ್ನೂ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವತ್ತು ಗೊತ್ತಾದದ್ದು ನಿನಗೆ?"

"ಅನುಮಾನ ನವೆಂಬರ್ ಇಪ್ಪತ್ತೆರಡಕ್ಕೆ. ಖಚಿತ ಇವತ್ತು."

"ಯೋಜನೆಗೆ ಸೇರಿಸ್ಲಿಕ್ಕೆ ಡಿಸೆಂಬರ್ ಮೂವತ್ತೊಂದು ಕಡೇ ದಿನ ಆಗಿತ್ತು. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಸುತ್ತೋಲೆ ಬಂದ ತಾರೀಖು ಕೂಡ ಡೈರಿಯಲ್ಲಿತ್ತು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಸ್ಪತ್ರೆಗೆ ಅವರೇ ಹೋಗಿ ಕೇಳಿಕೊಂಡರು, ಎರಡು ಸಲ. ಆಗಲಿಲ್ಲ. ತಿದ್ದಿದ ರಿಪೋರ್ಟಿಗೆ ಸಹಿ ಹಾಕಿ, "ನಾಳೆಯಿಂದ ರಿಜಿಸ್ಟರಿಗೆ ಒಂದು ಕಾಲಂ ಹಾಕು, ಫಾರ್ಮಲಿನ್ನಿಗೆ ಹಾಕಿದ ದಿನ ಅಂತ" ಎಂದರು.

"ಹಳೇದು ಮೇಡಂ? ಶೃಂಗೇರಿಯ ಉಳಿದ ಹದಿಮೂರು? ನಾನು ಹೋಗದ ವಾರ ಉಳಿದ ಊರಿನವರು ಬೇರೆಯವರ ಕೈಲಿ ಕಳಿಸ್ತಾರೆ, ಶೃಂಗೇರಿಯವರು ನನ್ನನ್ನೇ ಕಾಯ್ತಾರೆ."

"ಅವರ ಬ್ಲಾಕ್ ಎಲ್ಲ ಉಂಟಾ?"

ಇರಲಿಲ್ಲ. ಹಳೆಯ ಬ್ಲಾಕುಗಳನ್ನು ಅವರವರ ಮನೆಯವರಿಗೇ ಹಿಂದಿರುಗಿಸಿದ್ದೆವು. ಉಳಿದದ್ದು ಗಿರಿಜಕ್ಕನದೊಂದೇ.

ಗಿರಿಜಕ್ಕ ೨೦೦೯ ಮಾರ್ಚ್ ೩ರಂದು ತೀರಿಕೊಂಡರು. ತಿದ್ದಿದ ರಿಪೋರ್ಟು ಸರ್ಜನ್ ಕೈ ಸೇರಿತ್ತು. ಅದು ಮನೆಯವರಿಗೆ ತಲುಪಿತೇ ಎಂದು ನಾನು ವಿಚಾರಿಸಲಿಲ್ಲ. ಏಪ್ರಿಲ್ ಕೊನೆಗೆ ಕೆಲಸ ಬಿಟ್ಟೆ.

ಮೇ ೧೭ರ ಭಾನುವಾರ ಕೆರೆಕಟ್ಟೆಗೆ ಹೋದೆ. ತಿಮ್ಮಪ್ಪ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಕೂರಿಸಿ ಮೊದಲಿಂದ ಕೊನೆಯವರೆಗೆ ಹೇಳಿದೆ: ನನ್ನ ರಕ್ತ, ಉದ್ದದ ತುಣುಕು, ಗಿಡ್ಡದ ತುಣುಕು, ಹೋಳಿಗೆಯ ಶನಿವಾರ, ಡಿಸೆಂಬರ್ ಮೂವತ್ತೊಂದು. ಔಷಧ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಹೇಳಲಾರರು, ಆದರೆ ಸಿಗಬೇಕಿತ್ತು ಎಂದೆ. ಬಯ್ಯಲಿ, ಹೊರಗೆ ಹಾಕಲಿ ಎಂದು ಕಾದೆ.

ಅವರು ಕೊಟ್ಟಿಗೆಯ ಕಡೆ ನೋಡುತ್ತಿದ್ದರು.

"ಹಂಗಾರೆ ಅಲ್ಲಿ ಇಟ್ಟಿದ್ದೇ ತಪ್ಪಾಯ್ತು."

"ಅಲ್ಲ ತಿಮ್ಮಪ್ಪಣ್ಣ, ಎಲ್ಲಿಟ್ಟಿದ್ರೂ ಅಷ್ಟೇ. ದಿನ ಹೆಚ್ಚಾಯ್ತು. ಬರದೇ ಇದ್ದವಳು ನಾನು. ಕೇಳದೇ ಇದ್ದವಳೂ ನಾನೇ."

"ನೀವು ಬಂದ್ರಲ್ಲ, ಮೂರನೇ ವಾರ." ಕೊಟ್ಟಿಗೆಯ ಕಡೆ ಕೈ ಮಾಡಿ ಹೇಳಿದರು: "ಅವಳು ಹೇಳಿದ್ಲು. ಎಂತ ಮಾರಾಯ್ರೆ, ನಂದೇ ಅಲ್ದನಾ ಅದು, ಒಳಗೆ ತಂದಿಡಿ, ಅಲ್ಲಿ ಚಳಿ ಅಂತ. ತಮಾಷೆಗೆ ಹೇಳಿದ್ದು. ನಾನೇ ಬ್ಯಾಡ ಅಂದೆ."

ಅಲ್ಲ ಎಂದು ಮತ್ತೆ ಹೇಳಿದೆ. ಒಟ್ಟು ನಾಲ್ಕು ಸಲ ಹೇಳಿದೆ. ಅವರು ತಲೆಯಾಡಿಸುತ್ತಿದ್ದರು, ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ತಪ್ಪು ಒಪ್ಪಿಕೊಂಡು ಹಗುರಾಗಲು ಹೋದವಳು, ಅವರ ಹೆಗಲ ಮೇಲೆ ಅದನ್ನು ಇಳಿಸಿ ಬಂದೆ. ಈಚೆಗೆ ಯಾರೋ ಹೇಳಿದರು, ಅವರು ಆ ಅಟ್ಟವನ್ನು ಕಿತ್ತು ಹಾಕಿದ್ದಾರಂತೆ.

ಉಳಿದ ಹದಿಮೂರು ಜನರ ಹೆಸರು ನನ್ನಲ್ಲಿಲ್ಲ. ಡೈರಿಯಲ್ಲಿ ಹೆಸರು ಬರೆಯಕೂಡದು ಎಂಬ ನಿಯಮವಿತ್ತು, ನಾನು ನಿಯಮ ಮುರಿದವಳಲ್ಲ. ತಾರೀಖು, ಕ್ರಮಸಂಖ್ಯೆ, ಅಂಕಿ ಮಾತ್ರ ಇವೆ. ಇದನ್ನು ಓದುವವರಲ್ಲಿ ಯಾರಾದರೂ ೨೦೦೪ರಿಂದ ೨೦೦೮ರ ನಡುವೆ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಬಾಟ್ಲಿ ಕೊಟ್ಟಿದ್ದರೆ, ಅದು ನಿಮ್ಮಲ್ಲಿ ಎಷ್ಟು ದಿನ ಇತ್ತು ಎಂದು ಒಂದು ಕಾರ್ಡು ಬರೆಯಿರಿ. ಮೇಣದ ಬ್ಲಾಕು ಮನೆಯಲ್ಲಿದ್ದರೆ ಎಸೆಯಬೇಡಿ. ಅದನ್ನು ಮತ್ತೆ ಎಣಿಸಲು ಬರುತ್ತದೆ. ಎಲ್ಲಿಟ್ಟಿದ್ದಿರಿ ಎಂದು ಬರೆಯುವುದು ಬೇಡ. ಎಲ್ಲಿಟ್ಟಿದ್ದರೂ ಅಷ್ಟೇ ಆಗುತ್ತಿತ್ತು. ಇದನ್ನು ನನಗಿಂತ ಚೆನ್ನಾಗಿ ತಿಳಿದವರು ಯಾರಾದರೂ ಇದ್ದರೆ, ಕೆರೆಕಟ್ಟೆಯ ಒಬ್ಬರಿಗೆ ನಂಬಿಕೆ ಬರುವ ಹಾಗೆ ಬರೆದು ತಿಳಿಸಿ. ನನ್ನಿಂದ ಆಗಲಿಲ್ಲ.